ಮದಗದ ಗಾಳ ಸ್ಪರ್ಧೆ ಮುಂದಿನ ವರ್ಷ ಬೇಕಾ, ಬೇಡ್ವಾ?

ಕೋಡಿಬದಿ (ಭಾನುವಾರ ರಾತ್ರಿ)

ನಮ್ಮ ಮದಗದಲ್ಲಿ (ಊರಿನ ಕೆರೆ) ಇವತ್ತು ನಡೆದ ಗಾಳದ ಸ್ಪರ್ಧೆಗೆ ಬಂದವರಿಗೆಲ್ಲ ಮೊದಲು ಥ್ಯಾಂಕ್ಸ್. ಯಾರು ಗೆದ್ದರು ಅಂತ ಎಲ್ಲರಿಗೂ ಗೊತ್ತುಂಟು. ಅದನ್ನು ಮತ್ತೆ ಇಲ್ಲಿ ಹಾಕುವುದಿಲ್ಲ. ನನಗೆ ಬೇರೆ ವಿಷಯ ಮಾತಾಡಬೇಕು.

ಸೀಟಿ ಹೊಡೆದ ಮೇಲೆ ತಕ್ಕಡಿ ಹಿಡಿದು ದಡದ ಸುತ್ತ ಹೋದವನು ನಾನು. ಯಾರ ಬಲೆಚೀಲ ಎತ್ತಿದರೂ ತಿಲಾಪಿಯಾ. ಅದೂ ಅಂಗೈ ಅಗಲ ಇಲ್ಲದ್ದು. ಕಾಟ್ಲಾ ಒಂದೂ ಇಲ್ಲ. ಮೊದಲೆಲ್ಲ ಚೀಟಿ ಎತ್ತುವಾಗ ಕೋಡಿ ಹತ್ತಿರದ ಜಾಗ ಸಿಕ್ಕಿದರೆ ಕೂಗಿ ಕುಣಿಯುತ್ತಿದ್ದರು. ಈ ಸಲ ಅಲ್ಲಿ ಕೂತವರು ಮಧ್ಯಾಹ್ನದವರೆಗೆ ಬೆಂಡು ನೋಡಿದ್ದೇ ಬಂತು.

ರೋಹು ಸಿಕ್ಕಿದ್ದು ಒಬ್ಬ ಹುಡುಗನಿಗೆ ಮಾತ್ರ, ತೋಡು (ಸಣ್ಣ ಹಳ್ಳ) ಬಂದು ಸೇರುವ ಬಾಯಿಯ ಹತ್ತಿರ. ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ತಲೆ ದೊಡ್ಡದು, ಮೈ ಸಪೂರ. ಕಿವಿರು ಕೆಂಪಗೆ ಇರಬೇಕಲ್ವಾ? ಮಾಸಿ ಹೋಗಿತ್ತು, ಅಂಚಿನಲ್ಲಿ ದಪ್ಪ ಲೋಳೆ. ರೆಕ್ಕೆಯ ಬುಡದಲ್ಲಿ ಗಾಯ. ಹುಡುಗ ಖುಷಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ, ನನಗೆ ಏನೂ ಹೇಳಲು ಮನಸ್ಸಾಗಲಿಲ್ಲ. ನೀರಿಗೆ ಬಿಟ್ಟ ಮೇಲೂ ಅದು ಆಳಕ್ಕೆ ಹೋಗಲಿಲ್ಲ. ಅಡ್ಡ ಮಗುಚಿ ಸ್ವಲ್ಪ ಹೊತ್ತು ಮೇಲೆಯೇ ಇತ್ತು.

ಈಗ ಮಾರ್ಚ್ ಕೊನೆ. ಮೇಲಿನ ಗುಡ್ಡದಿಂದ ಬರುವ ಆ ತೋಡು ಜನವರಿಯಲ್ಲೇ ಒಣಗಬೇಕು. ಈಗಲೂ ಹರಿಯುತ್ತಿದೆ! ಬೂದು ಬಣ್ಣ, ಮೇಲೆ ನೊರೆ, ಸಾಬೂನಿನ ವಾಸನೆ. ಅದು ಗುಡ್ಡದ ಮೇಲಿನ ಕಟ್ಟಡಗಳ ಕೊಳಚೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಬದಿಯ ನೀರು ಕಾಣದ ಹಾಗೆ ಅಂತರಗಂಗೆ ಕಳೆ ಹಬ್ಬಿದೆ.

ನನ್ನ ಮಾತು ಇಷ್ಟು. ಮುಂದಿನ ವರ್ಷದ ಸ್ಪರ್ಧೆ ಬೇಡ. ಮದಗಕ್ಕೆ ಮೀನಿನ ಮರಿ ಬಿಡುವುದೂ ಬೇಡ. ತೋಡಿನ ಕೊಳಚೆ ನಿಲ್ಲುವ ತನಕ ಕ್ಲಬ್ಬಿನ ಒಂದು ರೂಪಾಯಿಯೂ ಮೀನಿಗೆ ಹೋಗಬಾರದು, ನೀರಿಗೆ ಹೋಗಬೇಕು. ನಿಮಗೆಲ್ಲ ಎಂತ ಅನಿಸುತ್ತದೆ ಹೇಳಿ.

ತಂಗೂಸು

ಅಣ್ಣ, ನೀರು ಹಾಳಾಗಿದೆ ಅನ್ನುವುದು ಸರಿ. ಆದರೆ ಮರಿ ಬಿಡುವುದೇ ಬೇಡ ಅಂದರೆ ಹೇಗೆ? ಹಿಂದೆ ರೋಹು, ಕಾಟ್ಲಾ ಮರಿ ಬಿಟ್ಟಿದ್ದೆವಲ್ಲ, ಆಮೇಲೆ ಎರಡು ವರ್ಷ ಒಳ್ಳೆ ಮೀನು ಸಿಕ್ಕಿತ್ತು. ಈಗ ಬಿಡದೆ ಸುಮಾರು ಕಾಲ ಆಯ್ತು. ಅದಕ್ಕೇ ತಿಲಾಪಿಯಾ ಮಾತ್ರ ಉಳಿದದ್ದು ಅಂತ ನನ್ನ ಲೆಕ್ಕ. ಮಳೆ ಬಂದ ಮೇಲೆ ಒಂದೆರಡು ಸಾವಿರ ಮರಿ ಬಿಡುವ. ದುಡ್ಡು ಕಡಿಮೆ ಬಿದ್ದರೆ ನಾವು ಹುಡುಗರು ಹಾಕುತ್ತೇವೆ.

ಮೀನುಮರಿ

ತಂಗೂಸು, ನಿಮ್ಮ ಉತ್ಸಾಹಕ್ಕೆ ಬೇಡ ಅನ್ನುವುದು ಕಷ್ಟ. ನಾನು ಎಕ್ಕೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವ. ಈಗ ಕಾರ್ಕಳದ ಕಡೆ ಕೆರೆ ಮಾಡಿ ಮೀನು ಸಾಕುತ್ತಿದ್ದೇನೆ. ಗೊತ್ತಿದ್ದಷ್ಟು ಹೇಳುತ್ತೇನೆ.

ಕಾಟ್ಲಾ, ರೋಹು, ಮೃಗಾಲ ಮೂರೂ ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಮಳೆಗಾಲದ ಹರಿಯುವ ನದಿ ಬೇಕು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಚುಚ್ಚುಮದ್ದು ಕೊಟ್ಟು ಈ ಮೀನುಗಳಿಂದ ಮೊಟ್ಟೆ ಇಡಿಸಿದರು. ಇವತ್ತು ನಮಗೆ ಬೇಕಾದಾಗ ಮರಿ ಸಿಗುವುದು ಆ ಕೆಲಸದಿಂದ. ಹಾಗಾಗಿ ಬಿಡದಿದ್ದರೆ ಈ ಜಾತಿಗಳು ಮುಗಿಯುತ್ತವೆ ಅನ್ನುವುದು ನಿಜ. ಅಷ್ಟರ ಮಟ್ಟಿಗೆ ನಿಮ್ಮ ಲೆಕ್ಕ ಸರಿ.

ಆದರೆ ಮರಿ ಬದುಕಲು ಉಸಿರು ಬೇಕಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಈ ಮೀನುಗಳು ತಿಂದು ಬೆಳೆಯುತ್ತವೆ. 3ಕ್ಕಿಂತ ಕೆಳಗೆ ಹೋದರೆ ಮೇವು ಬಿಡುತ್ತವೆ. ಇನ್ನೂ ಇಳಿದರೆ ಸಾಯುತ್ತವೆ. ಪಾಚಿಯಿಂದ ಹಸಿರಾದ ನೀರು ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ತಿನ್ನುತ್ತದೆ. ಹೆಚ್ಚು ಕಷ್ಟ ಬೆಳಗಿನ ಜಾವ. ಅದಕ್ಕೆ ಸರಿಯಾಗಿ ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. 20 ಡಿಗ್ರಿಯ ನೀರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯ ನೀರು ಏಳೂವರೆ ಮಾತ್ರ ಹಿಡಿಯುತ್ತದೆ. ನಮ್ಮ ಮಾರ್ಚ್, ಏಪ್ರಿಲ್ ಅಂದರೆ ಎಂತ ಸೆಕೆ ಅಂತ ಗೊತ್ತಲ್ಲ.

ತಿಲಾಪಿಯಾ ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಅದು ಕೆಟ್ಟ ನೀರನ್ನು ತಡೆಯುತ್ತದೆ. ಮೊಟ್ಟೆಯನ್ನು ಬಾಯಲ್ಲೇ ಇಟ್ಟು ಕಾಯುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಜಾಸ್ತಿ ಆದ ಹಾಗೆ ಗಾತ್ರ ಸಣ್ಣದಾಗುತ್ತದೆ. ಕೋಡಿಬದಿಯವರು ಚೀಲದಲ್ಲಿ ನೋಡಿದ್ದು ಅದನ್ನೇ. ಮಡೆಂಜಿ, ಮುಗುಡು ಕೂಡ ಉಳಿದಿರಬಹುದು, ಅವು ಮೇಲೆ ಬಂದು ಗಾಳಿ ಕುಡಿಯುತ್ತವೆ. ನೀವು ಎರಡು ಸಾವಿರ ರೋಹು ಮರಿ ಬಿಟ್ಟರೆ ಮಳೆಗಾಲದಲ್ಲಿ ಚೆನ್ನಾಗಿ ಓಡಾಡುತ್ತವೆ. ಫೆಬ್ರವರಿಯಲ್ಲಿ ಒಂದೊಂದೇ ತೇಲುತ್ತವೆ.

ಹಿಂಡಿ ಉಂಡೆ

ನಾನು ಮಂಗಳೂರಿನವ. ಸ್ಪರ್ಧೆಗೆ ಅಂತಲೇ ಉಡುಪಿಗೆ ಬರುವವ. ಒಂದು ಮಾತು ಹೇಳಲಾ? ಮದಗ ಬಿಟ್ಟು ಅಳಿವೆಗೆ ಬನ್ನಿ. ನಂದಿನಿ, ಶಾಂಭವಿ ಸೇರುವ ಸಸಿಹಿತ್ಲು ಉಂಟು, ಫಲ್ಗುಣಿಗೆ ಕೂಳೂರು ಉಂಟು, ನಿಮ್ಮಲ್ಲೇ ಕೋಡಿ ಬೆಂಗ್ರೆ ಉಂಟು. ಭರತ, ಇಳಿತದಲ್ಲಿ ನೀರು ಬದಲಾಗುತ್ತಾ ಇರುತ್ತದೆ. ಇರ್ಪೆ, ಕೆಂಬೇರಿ ಸಿಗುತ್ತದೆ. ಸಿಗಡಿ ಸಿಕ್ಕಿಸಿ ಬಿಟ್ಟರೆ ರಾಡ್ ಬಗ್ಗುವ ಹಾಗೆ ಎಳೆಯುತ್ತದೆ. ನಿಂತ ನೀರಿನ ಜೊತೆ ಯಾಕೆ ಒದ್ದಾಡುವುದು?

ಎಡದಂಡೆ

ಹಿಂಡಿ ಉಂಡೆಯವರೇ, ನಿಮ್ಮ ಅಳಿವೆ ಚಂದವೇ. ನಾನೂ ಕೂತಿದ್ದೇನೆ. ಆದರೆ ನಾವು ಎದ್ದು ಹೋದ ಮೇಲೆ ಈ ಮದಗದ ಕಡೆ ನೋಡುವವರು ಯಾರು?

ಈ ಕ್ಲಬ್ಬು ಶುರು ಮಾಡಿದವರಲ್ಲಿ ನಾನೂ ಒಬ್ಬ, ವಯಸ್ಸಾಯಿತು. ಕೋಡಿಬದಿ ನನಗೆ ತಮ್ಮನ ಹಾಗೆ. ಅವನ ಸಂಕಟ ಅರ್ಥವಾಗುತ್ತದೆ, ತೀರ್ಮಾನ ಮಾತ್ರ ಒಪ್ಪುವುದಿಲ್ಲ. ಹಿಂದೆ ಮದಗದ ನೀರು ಕೆಳಗಿನ ಗದ್ದೆಗಳಿಗೆ ಹೋಗುತ್ತಿತ್ತು. ಸುಗ್ಗಿ ಬೆಳೆಗೆ ಅದೇ ಆಧಾರ. ಬೇಸಿಗೆಯಲ್ಲಿ ಗದ್ದೆಯವರೇ ಇಳಿದು ಹೂಳು ತೆಗೆದು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಮೇಲಿನ ತೋಡಿಗೆ ಯಾರಾದರೂ ಕಸ ಹಾಕಿದರೆ ಸಂಜೆಯೊಳಗೆ ಅವರ ಮನೆ ಅಂಗಳದಲ್ಲಿ ನಾಲ್ಕು ಜನ ನಿಂತಿರುತ್ತಿದ್ದರು. ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿತ್ತು, ಮದಗ ಯಾರಿಗೂ ಬೇಡವಾಯಿತು. ಬೋರ್‌ವೆಲ್ ಬಂತು, ಕೋಡಿಯ ಹಲಗೆ ಹಾಕುವವರೂ ಇಲ್ಲ. ಈಗ ವರ್ಷಕ್ಕೆ ಒಂದು ದಿನವಾದರೂ ಜನ ದಡ ಸವರಿ, ಪೊದೆ ಕಡಿದು, ಸುತ್ತು ಬರುವುದು ನಮ್ಮ ಸ್ಪರ್ಧೆಗೆ. ಅದನ್ನೂ ನಿಲ್ಲಿಸಿ ನೋಡಿ. ಒಂದು ಲಾರಿ ಮಣ್ಣು ಬೀಳುತ್ತದೆ. ಯಾರೂ ಕೇಳದಿದ್ದರೆ ಮರುದಿನ ಹತ್ತು ಲಾರಿ ಬೀಳುತ್ತದೆ. ಅಂಥ ಎಷ್ಟು ಕೆರೆಗಳ ಮೇಲೆ ಇವತ್ತು ಕಟ್ಟಡ ನಿಂತಿದೆ ಅಂತ ನಿಮಗೇ ಗೊತ್ತು.

ಚೇಳಾಯರಿನ ಖಂಡಿಗೆ ಮೀನು ಜಾತ್ರೆ ನೋಡಿದ್ದೀರಲ್ಲ. ಮೇ ತಿಂಗಳ ನಡುವಿನಲ್ಲಿ ಊರಿಗೆ ಊರೇ ಬಲೆ ಹಿಡಿದು ನಂದಿನಿ ನದಿಗೆ ಇಳಿಯುತ್ತದೆ. ದೈವದ ಹೆಸರಿನಲ್ಲಿ ಆ ದಿನ ಬರುವ ತನಕ ಅಲ್ಲಿ ಮೀನಿಗೆ ಯಾರೂ ಕೈ ಹಾಕುವುದಿಲ್ಲ. ಜನ ಸೇರುವ ದಿನ ಒಂದು ಉಂಟು ಅಂತಲೇ ಉಳಿದ ದಿನಗಳಿಗೂ ಕಾವಲು ಇರುವುದು. ಈಚೆಗೆ ಆ ನದಿಗೂ ಕೊಳಚೆಯ ಕಾಟ ಬಂದಿದೆ. ಆದರೆ ಅದರ ಬಗ್ಗೆ ಗಲಾಟೆ ಎದ್ದದ್ದೂ ಜಾತ್ರೆ ಇದ್ದದ್ದರಿಂದ ಅಲ್ವಾ? ನಮಗೆ ಜಾತ್ರೆ ಇಲ್ಲ, ಈ ಸ್ಪರ್ಧೆಯೊಂದು ಉಂಟು.

ಗದ್ದೆಮನೆ

ನಾನು ಗಾಳ ಹಾಕುವವಳಲ್ಲ. ನನ್ನ ಮಗ ಈ ಚರ್ಚೆ ತೋರಿಸಿದ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆ ಮದಗದ ಕೆಳಗೆ, ಕೋಡಿಯಿಂದ ಎರಡು ಗದ್ದೆ ಆಚೆ.

ನೀವು ಮೀನಿನ ಬಗ್ಗೆ ಮಾತಾಡುತ್ತಿದ್ದೀರಿ. ನಮಗೆ ಬಾವಿಯ ಚಿಂತೆ. ಮುರಕಲ್ಲಿನ ನೆಲ, ಮೇಲಿನ ನೀರು ಇಳಿದು ಕೆಳಗೆ ಬಂದೇ ಬರುತ್ತದೆ. ಎರಡು ಬೇಸಿಗೆಯಿಂದ ಬಾವಿ ನೀರಿಗೆ ಒಂದು ಥರ ವಾಸನೆ. ಕುಡಿಯಲು ಕ್ಯಾನ್ ತರಿಸುತ್ತೇವೆ. ಅತ್ತೆಗೆ ಅದು ಇವತ್ತಿಗೂ ಒಪ್ಪಿಗೆ ಇಲ್ಲ. ಸ್ವಂತ ಬಾವಿ ಇಟ್ಟುಕೊಂಡು ನೀರಿಗೆ ದುಡ್ಡು ಕೊಡುವುದಾ ಅಂತ ಕೇಳುತ್ತಾರೆ.

ಮೀನುಮರಿಯವರು ಬೆಳಗಿನ ಜಾವ ಅಂದರಲ್ಲ, ಅದು ನೂರಕ್ಕೆ ನೂರು ಸರಿ. ನಾನು ಹಾಲು ಡೈರಿಗೆ ಕೊಡಲು ಆ ಏರಿಯ ಮೇಲೆಯೇ ಹೋಗುವುದು. ಇನ್ನೂ ಕತ್ತಲೆ ಇರುವಾಗ ನೀರಿನ ಮೇಲೆಲ್ಲ ಪಚ ಪಚ ಸದ್ದು. ಟಾರ್ಚ್ ಹಾಕಿದರೆ ಮೀನುಗಳೆಲ್ಲ ಬಾಯಿ ಮೇಲೆ ಮಾಡಿ ನಿಂತಿರುತ್ತವೆ. ಬೆಳಕು ಬಿದ್ದರೂ ಹೆದರಿ ಓಡುವುದಿಲ್ಲ. ಬಿಸಿಲು ಬಂದ ಮೇಲೆ ಒಂದೂ ಕಾಣುವುದಿಲ್ಲ. ನೀವು ಬರುವುದು ಎಂಟು ಗಂಟೆಗೆ. ನಿಮಗೆ ಅದು ಹೇಗೆ ಗೊತ್ತಾಗಬೇಕು?

ಸ್ಪರ್ಧೆ ಮಾಡಿ, ಬಿಡಿ. ಆದರೆ ಅರ್ಜಿ ಕೊಡಲು ಹೋಗುವಾಗ ನಮ್ಮನ್ನೂ ಕರೆಯಿರಿ. ಕೆಳಗಿನ ಏಳೆಂಟು ಮನೆಯವರು ಬರುತ್ತೇವೆ.

ಕೋಡಿಬದಿ

ಗದ್ದೆಮನೆ ಅಕ್ಕ, ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಬಾವಿಯ ವಿಷಯ ನಮ್ಮ ಕ್ಲಬ್ಬಿನ ಮಾತಿನಲ್ಲಿ ಬಂದೇ ಇರಲಿಲ್ಲ. ಅರ್ಜಿಯಲ್ಲಿ ಅದೇ ಮೊದಲು ಇರಬೇಕು.

ಮೇಲ್ಮನೆ

ಬರೆಯುವುದಾ ಬೇಡವಾ ಅಂತ ಯೋಚನೆ ಮಾಡಿ ಬರೆಯುತ್ತಿದ್ದೇನೆ. ನಾನು ಆ ಗುಡ್ಡದ ಮೇಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಇರುವವ. ಹೆಸರು ಬೇಡ. ನಮ್ಮಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ಉಂಟು. ಆದರೆ ದಿನಪೂರ್ತಿ ಓಡುವುದಿಲ್ಲ. ಗಾಳಿ ಊದುವ ಮೋಟಾರಿಗೆ ಕರೆಂಟ್ ಬಿಲ್ ಜಾಸ್ತಿ ಅಂತ ಆಫ್ ಮಾಡಿ ಇಡುತ್ತಾರೆ. ತಿಂಗಳ ಮೆಂಟೆನೆನ್ಸ್ ಏರಿಸಲು ಯಾರೂ ಒಪ್ಪುವುದಿಲ್ಲ. ಹೆಚ್ಚಾದ ನೀರು ಪೈಪಿನಲ್ಲಿ ಮಳೆನೀರಿನ ಚರಂಡಿಗೆ, ಅಲ್ಲಿಂದ ನಿಮ್ಮ ತೋಡಿಗೆ. ತೋಡು ಎಲ್ಲಿಗೆ ಹೋಗುತ್ತದೆ ಅಂತ ಇಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ನಿಜ ಹೇಳುತ್ತಿದ್ದೇನೆ. ಮದಗವನ್ನು ನೋಡಿದವರು ಕಡಿಮೆ, ಬಾಲ್ಕನಿಯಿಂದ ತೆಂಗಿನ ತೋಟ ಮಾತ್ರ ಕಾಣುತ್ತದೆ.

ಮುಂದಿನ ಮೀಟಿಂಗಿನಲ್ಲಿ ನಾನು ಎತ್ತುತ್ತೇನೆ. ಆದರೆ ಬರೀ ಮಾತಿಗೆ ಆಗುವುದಿಲ್ಲ. ತೋರಿಸಲು ಏನಾದರೂ ಬೇಕು.

ತಂಗೂಸು

ಅವರ ಗೇಟಿನ ಎದುರು ಧರಣಿ ಕೂರುವ. ತೋರಿಸಲು ಬೇಕಾದರೆ ಸತ್ತ ಮೀನು ಒಯ್ಯುವ.

ಎಡದಂಡೆ

ತಡಿ ಮಾರಾಯ. ಒಬ್ಬರು ಒಳಗಿನಿಂದ ಮಾತಾಡುತ್ತಿದ್ದಾರೆ. ಅವರಿಗೆ ಒಂದು ಅವಕಾಶ ಕೊಡುವ.

ಬಾಟಲಿ ಟೀಚರ್ (ಬುಧವಾರ)

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವಳು. ತೋರಿಸಲು ಬೇಕು ಅಂದದ್ದಕ್ಕೆ ಇವತ್ತು ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಗದ್ದೆಮನೆಯವರ ಜೊತೆ ಮದಗಕ್ಕೆ ಹೋಗಿದ್ದೆ. ಮೀಟರ್ ಇಲ್ಲದೆಯೂ ಆಮ್ಲಜನಕ ನೋಡುವ ಹಳೆಯ ವಿಧಾನ ಒಂದು ಉಂಟು, ವಿಂಕ್ಲರ್ ವಿಧಾನ. ಬಾಯಿ ತನಕ ನೀರು ತುಂಬಿದ ಗಾಜಿನ ಬಾಟಲಿಗೆ ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಸೇರಿದ ಅಯೋಡೈಡ್ ಹಾಕಬೇಕು. ಮುಚ್ಚಿ ಮೇಲೆ ಕೆಳಗೆ ಮಾಡಿದರೆ ಗಸಿ ಕೂರುತ್ತದೆ. ಆಮ್ಲಜನಕ ಇದ್ದರೆ ಗಸಿ ಕಂದು. ಇಲ್ಲದಿದ್ದರೆ ಬಿಳಿ.

ಕೋಡಿಯ ಹತ್ತಿರದ ಬಾಟಲಿಯಲ್ಲಿ ತಿಳಿ ಕಂದು ಬಂತು, ಬಹಳ ತಿಳಿ. ಮದಗದ ನಡುವಿನದು ಅದಕ್ಕಿಂತಲೂ ಪೇಲವ. ತೋಡಿನ ಬಾಯಿಯದು ಅಚ್ಚ ಬಿಳಿ. ಬಾಟಲಿಯನ್ನು ಟಾರ್ಚಿನ ಎದುರು ಹಿಡಿದಾಗ ಗದ್ದೆಮನೆಯವರು, ಇದಕ್ಕೆ ಸುಣ್ಣ ಹಾಕಿದ್ರಾ ಅಂತ ಕೇಳಿದರು. ಅಲ್ಲಿ ಉಸಿರಾಡಲು ಏನೂ ಇಲ್ಲ. ಹುಡುಗನ ರೋಹು ಅಲ್ಲಿಯೇ ಸಿಕ್ಕಿತು ಅಂದರೆ ಹಗಲಿನಲ್ಲಿ ಮೇವಿಗೆ ಬಂದಿರಬೇಕು. ರಾತ್ರಿ ಅಲ್ಲಿ ಮೀನು ನಿಲ್ಲಲು ಸಾಧ್ಯವಿಲ್ಲ.

ಮೂರು ಬಾಟಲಿಯನ್ನೂ ಸಾಲಾಗಿ ಇಟ್ಟು ಫೋಟೋ ತೆಗೆದಿದ್ದೇನೆ. ಬಾಟಲಿಗಳನ್ನು ಲ್ಯಾಬಿಗೆ ತಂದಿದ್ದೇನೆ, ಟೈಟ್ರೇಷನ್ ಮಾಡಿ ಆಮ್ಲಜನಕ ಎಷ್ಟು ಅಂತ ಅಂಕಿ ಕೊಡುತ್ತೇನೆ. ಮೇಲ್ಮನೆಯವರೇ, ಫೋಟೋವನ್ನು ನಿಮ್ಮ ಮೀಟಿಂಗಿನಲ್ಲಿ ತೋರಿಸಿ. ರಸಾಯನಶಾಸ್ತ್ರ ಓದದವರಿಗೂ ಅರ್ಥವಾಗುತ್ತದೆ. ಬಾವಿ ನೀರನ್ನು ಬೇರೆಯೇ ಪರೀಕ್ಷೆಗೆ ಕೊಡಬೇಕು. ಅದಕ್ಕೆ ಈ ವಿಧಾನ ಸಾಲದು, ಬ್ಯಾಕ್ಟೀರಿಯಾ ಮತ್ತು ನೈಟ್ರೇಟ್ ನೋಡಬೇಕು.

ಮೀನುಮರಿ

ಟೀಚರ್, ಬಹಳ ಉಪಕಾರ. ಇದೇ ಬೇಕಿತ್ತು.

ಇನ್ನೊಂದು ಸಂಗತಿ. ಅಂತರಗಂಗೆಯನ್ನು ಒಮ್ಮೆಲೇ ಕಳೆನಾಶಕ ಹೊಡೆದು ಸಾಯಿಸುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಸತ್ತ ಗಿಡ ನೀರಿನೊಳಗೆ ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ತಿನ್ನುತ್ತದೆ. ಕೈಯಿಂದ ಎಳೆದು ದಡಕ್ಕೆ ಹಾಕಬೇಕು. ದಡದಲ್ಲೂ ಬಿಡಬಾರದು, ಮೊದಲ ಮಳೆಗೆ ಅದರ ರಸವೆಲ್ಲ ವಾಪಸ್ ನೀರಿಗೆ ಬರುತ್ತದೆ. ದೂರ ಒಯ್ದು ಗೊಬ್ಬರದ ಗುಂಡಿಗೆ ಹಾಕಿ.

ಹಿಂಡಿ ಉಂಡೆ

ಬಿಳಿ ಬಾಟಲಿ ನೋಡಿ ಮಾತೇ ಬರಲಿಲ್ಲ. ಅಳಿವೆಗೆ ಬನ್ನಿ ಅಂದವನು ನಾನು. ಅಳಿವೆ ಎಲ್ಲಿಗೂ ಹೋಗುವುದಿಲ್ಲ, ಮೊದಲು ಇದನ್ನು ಮುಗಿಸುವ. ಗಿಡ ಎಳೆಯಲು ಮಂಗಳೂರಿನಿಂದ ನಾವೊಂದು ಜೀಪಿನಷ್ಟು ಜನ ಬರುತ್ತೇವೆ.

ಅರ್ಜಿ ಬರೆಯುವವರಿಗೆ ಒಂದು ವಿಷಯ. 1974ರ ಜಲ ಮಾಲಿನ್ಯ ತಡೆ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ತೋಡಿಗಾಗಲಿ ಬಾವಿಗಾಗಲಿ ಕೊಳಚೆ ಬಿಡುವಂತಿಲ್ಲ. ಕೆರೆಗಳ ರಕ್ಷಣೆಗೆ ನಮ್ಮ ರಾಜ್ಯದಲ್ಲಿ 2014ರ ಕಾಯ್ದೆಯೂ ಉಂಟು. ಇವೆರಡನ್ನೂ ಅರ್ಜಿಯಲ್ಲಿ ಬರೆಯಿರಿ. ಪಂಚಾಯತಿಗೆ ಕೊಡುವಾಗ ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಕೊಟ್ಟ ದೂರು ಬಾಯಲ್ಲೇ ಉಳಿಯುತ್ತದೆ.

ತಂಗೂಸು

ಮರಿ ಬಿಡುವ ಮಾತು ನಾನು ಬಿಟ್ಟೆ. ಆದರೆ ಒಂದು ಕೇಳುತ್ತೇನೆ, ಬೇಜಾರು ಮಾಡಬೇಡಿ. ಇಷ್ಟು ಹಾಳಾದ ಮೇಲೆ ಮದಗ ವಾಪಸ್ ಬರುತ್ತದಾ? ಇಲ್ಲ ನಾವು ಸುಮ್ನೆ ಕೈಕಾಲು ಬಡಿಯುವುದಾ?

ಎಡದಂಡೆ

ಬರುತ್ತದೆ. ಬೆಳ್ತಂಗಡಿಯ ಶಿಶಿಲಕ್ಕೆ ಹೋಗಿದ್ದೀಯಾ? ದೇವಸ್ಥಾನದ ಎದುರು ಕಪಿಲಾ ನದಿಯಲ್ಲಿ ದೇವರ ಮೀನುಗಳು. 1996ರಲ್ಲಿ ಯಾರೋ ವಿಷ ಹಾಕಿದರು. ಸಾವಿರಾರು ಮೀನು ಸತ್ತು ತೇಲಿದವು. ಅದರ ನೆನಪಿಗೆ ಅಲ್ಲಿ ಸ್ಮಾರಕವೇ ಉಂಟು. ಇವತ್ತು ಹೋಗಿ ನೋಡು, ಮೆಟ್ಟಿಲ ಬುಡದಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಮೀನು.

ಮೀನುಮರಿ

ಶಿಶಿಲದ್ದು ಹರಿಯುವ ನೀರು, ವಿಷ ಬಿದ್ದದ್ದು ಒಂದು ಸಲ. ಮೇಲಿನಿಂದ ಹೊಸ ನೀರು ಬಂತು, ಮೀನೂ ಬಂತು. ನಮ್ಮದು ನಿಂತ ನೀರು, ವಿಷ ದಿನಾ ಬೀಳುತ್ತಿದೆ. ಹಾಗಾಗಿ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಆದರೆ ನಮಗೂ ಒಂದು ಬಲ ಉಂಟು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆ ನಮ್ಮದು. ಕೋಡಿ ಸರಿ ಇದ್ದರೆ ಒಂದೇ ಮಳೆಗಾಲದಲ್ಲಿ ಮದಗದ ನೀರು ಹಲವು ಸಲ ಬದಲಾಗುತ್ತದೆ. ತೋಡು ನಿಂತು, ಸ್ವಲ್ಪ ಹೂಳು ಹೋದರೆ ಎರಡು ಮಳೆಗಾಲ ಸಾಕು ಅಂತ ನನಗೆ ಧೈರ್ಯ ಉಂಟು. ಹತ್ತುಮೀನು (ಮಳೆಗೆ ಹರಿವಿನ ಎದುರು ಹತ್ತಿ ಬರುವ ಮೀನು) ಬರುವ ದಾರಿ ಕೆಳಗಿನ ತೋಡಿನಲ್ಲಿ ತೆರೆದಿದ್ದರೆ ಊರಿನ ಮೀನುಗಳು ತಾವೇ ಏರಿ ಬರುತ್ತವೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಮೇಲ್ಮನೆ (ಭಾನುವಾರ)

ಮೀಟಿಂಗ್ ಆಯ್ತು. ಫೋಟೋ ತೋರಿಸಿದೆ. ಕೆಳಗಿನ ಬಾವಿಯ ವಿಷಯವನ್ನೂ ಹೇಳಿದೆ. ಮೊದಲು ಇಬ್ಬರು ಜೋರು ಮಾತಾಡಿದರು, ನಮ್ಮೊಬ್ಬರದೇ ನೀರಾ ಅಂತ. ಅದು ನಿಜವೂ ಹೌದು. ಪಕ್ಕದ ಎರಡು ಕಟ್ಟಡ, ಒಂದು ಸರ್ವಿಸ್ ಸ್ಟೇಷನ್ನಿನ ನೀರೂ ಅದೇ ಚರಂಡಿಗೆ ಬರುತ್ತದೆ. ಆದರೆ ಘಟಕದ ಮೋಟಾರನ್ನು ರಾತ್ರಿ ಹಗಲು ಓಡಿಸುವುದಕ್ಕೆ ಒಪ್ಪಿದ್ದಾರೆ, ಮೂರು ತಿಂಗಳ ಮಟ್ಟಿಗೆ. ಆಮೇಲೆ ಬಿಲ್ ನೋಡಿ ಮತ್ತೆ ಮಾತು ಅಂತ. ಹೆಚ್ಚಿನವರು ಮದಗ ನೋಡಬೇಕು ಅಂದರು. ಒಂದು ಭಾನುವಾರ ಕರೆದುಕೊಂಡು ಬರಲಾ?

ಗದ್ದೆಮನೆ

ಬನ್ನಿ. ಬೇಗ ಬನ್ನಿ, ಬೆಳಕು ಹರಿಯುವ ಮೊದಲು. ಆಮೇಲೆ ಬಂದರೆ ಏನೂ ಕಾಣುವುದಿಲ್ಲ. ಚಹಾ ನಮ್ಮ ಮನೆಯಲ್ಲಿ.

ಕೋಡಿಬದಿ

ಎಲ್ಲರ ಮಾತು ಓದಿದೆ. ಎಡದಂಡೆ ಅಣ್ಣ ಹೇಳಿದ್ದು ತಲೆಯಲ್ಲಿ ಕೂತಿದೆ. ಈ ಚರ್ಚೆಗೆ ಇಷ್ಟು ಜನ ಬಂದದ್ದೇ ಸ್ಪರ್ಧೆಯ ಹೆಸರಿನಲ್ಲಿ. ಹಾಗಾಗಿ ಸ್ಪರ್ಧೆ ಇರಲಿ. ಆದರೆ ಈ ರೂಪದಲ್ಲಿ ಬೇಡ.

ಮಾರ್ಚ್ ಬಿಟ್ಟು ದೀಪಾವಳಿ ಕಳೆದ ಮೇಲೆ ಮಾಡುವ. ಆಗ ಮದಗ ತುಂಬಿರುತ್ತದೆ, ನೀರು ತಂಪು. ಮೀನನ್ನು ಇಡೀ ದಿನ ಬಲೆಚೀಲದಲ್ಲಿ ಕೂಡಿಹಾಕುವುದು ನಿಲ್ಲಬೇಕು. ಸಿಕ್ಕಿದ ಕೂಡಲೇ ಆ ಜಾಗದಲ್ಲೇ ತೂಗಿ, ಕೈ ಒದ್ದೆ ಮಾಡಿಕೊಂಡು ಹಿಡಿದು ಬಿಡುವುದು. ತಿಲಾಪಿಯಾ ಮಾತ್ರ ವಾಪಸ್ ಬಿಡಬಾರದು. ಅದನ್ನು ಜಾಸ್ತಿ ಹಿಡಿದವರಿಗೇ ಬಹುಮಾನ ಇಡುವ, ಮದಗಕ್ಕೂ ಭಾರ ಇಳಿಯುತ್ತದೆ. ಹಿಂಡಿ, ತೌಡು ಸುರಿಯುವುದಕ್ಕೂ ಮಿತಿ ಬೇಕು. ಕೆಲವರು ಬಕೆಟ್ ಗಟ್ಟಲೆ ಎಸೆಯುತ್ತಾರೆ. ಮೀನು ತಿನ್ನದೆ ಬಿಟ್ಟದ್ದೂ ಕೊಳೆಯುವುದು ಅದೇ ನೀರಿನಲ್ಲಿ. ಕಪ್ ಮತ್ತು ಶಾಲಿಗೆ ಇಡುತ್ತಿದ್ದ ದುಡ್ಡು ಬಾವಿ ನೀರಿನ ಪರೀಕ್ಷೆಗೆ, ಕೋಡಿಯ ಹಲಗೆಗೆ.

ಮರಿ ಬಿಡುವುದರಲ್ಲಿ ಮಾತ್ರ ನಾನು ಹಿಂದೆ ಸರಿಯುವುದಿಲ್ಲ. ಟೀಚರ್ ಬಾಟಲಿಯಲ್ಲಿ ಏಪ್ರಿಲ್ ತಿಂಗಳ ಬೆಳಗಿನ ಜಾವ, ತೋಡಿನ ಬಾಯಿಯಲ್ಲೂ ಕಂದು ಬಣ್ಣ ಬರಬೇಕು. ಆಮೇಲೆ ಯೋಚನೆ ಮಾಡುವ.

ತಂಗೂಸು

ಒಪ್ಪಿದೆ ಅಣ್ಣ. ಬಾಟಲಿ ಕೆಲಸ ನಾವು ಹುಡುಗರಿಗೆ ಕಲಿಸಿ ಕೊಡುತ್ತಾರಾ ಟೀಚರ್? ತಿಂಗಳಿಗೊಮ್ಮೆ ನಾವೇ ಮಾಡುತ್ತೇವೆ. ಪ್ಲಾಸ್ಟಿಕ್ ಬಾಟಲಿ ಆಗುತ್ತದಾ?

ಬಾಟಲಿ ಟೀಚರ್

ಪ್ಲಾಸ್ಟಿಕ್ ಬೇಡ. ಗಾಜಿನ ಬಿರಡೆ ಇರುವ 300 ಮಿಲಿಲೀಟರ್ ಬಾಟಲಿ ನಮ್ಮ ಲ್ಯಾಬಿನಿಂದ ತರುತ್ತೇನೆ. ನೀರಿನ ಒಳಗೇ ಮುಳುಗಿಸಿ ತುಂಬಿಸಬೇಕು, ಒಳಗೆ ಒಂದು ಗುಳ್ಳೆ ಕೂಡ ಉಳಿಯಬಾರದು. ಗುಳ್ಳೆ ಇದ್ದರೆ ಗಾಳಿಯ ಆಮ್ಲಜನಕ ಸೇರಿ ಲೆಕ್ಕ ತಪ್ಪುತ್ತದೆ. ರಾಸಾಯನಿಕ ಹಾಕುವಾಗ ಕೈಗೆ ಗ್ಲೌಸ್ ಹಾಕಿ, ಆ ಕ್ಷಾರ ಚರ್ಮ ಸುಡುತ್ತದೆ. ಶನಿವಾರ ಸಂಜೆ ಗದ್ದೆಮನೆಯವರ ಜಗಲಿಗೆ ಬನ್ನಿ, ಅಲ್ಲಿ ಕಲಿಸುತ್ತೇನೆ. ಟಾರ್ಚ್ ನಿಮ್ಮದೇ ತನ್ನಿ.